ಕೊಂದವನಿಗೆ ಬಿರುದು, ಸತ್ತವಳಿಗೆ ಸಂಖ್ಯೆ

ಕನ್ನಡನಾಡಿನಲ್ಲಿ ಬಿರುದುಗಳಿಗೆ ಎಂದೂ ಬರ ಬಂದಿಲ್ಲ. ರನ್ನನು ಕವಿಚಕ್ರವರ್ತಿಯೆನಿಸಿದನು; ಜನ್ನನೂ ಕವಿಚಕ್ರವರ್ತಿಯೆನಿಸಿದನು. ಅರಸರ ಶಾಸನಗಳಲ್ಲಂತೂ ಅರ್ಧ ಕಲ್ಲು ಬಿರುದುಗಳಿಗೇ ಮೀಸಲು. ಆದರೆ ಆ ಕಾಲದಲ್ಲಿ ಬಿರುದು ಬೇಕೆಂದವನು ಕಾವ್ಯವನ್ನಾದರೂ ಕಟ್ಟಬೇಕಿತ್ತು, ಇಲ್ಲವೆ ಕಾಳಗವನ್ನಾದರೂ ಗೆಲ್ಲಬೇಕಿತ್ತು. ಈಗ ಅಷ್ಟು ಶ್ರಮ ಬೇಕಿಲ್ಲ. ನಾಲ್ಕಾರು ಹೆಂಗಸರನ್ನು ಕೊಂದು ಸಿಕ್ಕಿಬಿದ್ದರೆ ಸಾಕು. ಮರುದಿನ ಬೆಳಿಗ್ಗೆ ಬಿರುದು ತಾನಾಗಿ ಮನೆಬಾಗಿಲಿಗೆ, ಕ್ಷಮಿಸಿರಿ, ಸೆರೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಸಯನೈಡ್ ಮೋಹನ, ಸಯನೈಡ್ ಮಲ್ಲಿಕಾ, ಸೈಕೋ ಶಂಕರ. ಇವು ಯಾವ ಆಸ್ಥಾನದಲ್ಲಿ ಕೊಟ್ಟ ಬಿರುದುಗಳು? ನಾವು ನೀವು ಬೆಳಗಿನ ಚಹದೊಡನೆ ಓದುವ ವರ್ತಮಾನಪತ್ರಿಕೆಗಳ, ರಾತ್ರಿ ಊಟದೊಡನೆ ನೋಡುವ ದೂರದರ್ಶನದ ವಾಹಿನಿಗಳ ಆಸ್ಥಾನದಲ್ಲಿ.

ಈ ಬಿರುದಿನ ವ್ಯವಹಾರವನ್ನು ವಿರೋಧಿಸಿ ಬರೆಯುತ್ತಿದ್ದೇನೆ. ವಿಷಯ ಅಸಹ್ಯವಾದುದು, ರವಿವಾರದ ಪುರವಣಿಗೆ ಒಪ್ಪುವಂಥದಲ್ಲ ಎಂದು ಕೆಲವರು ಮೂಗು ಮುರಿದಾರು. ಆದರೆ ಅದೇ ಮಹನೀಯರ ಮನೆಯ ಹುಡುಗರು ಅಮೇರಿಕೆಯ ಕೊಲೆಗಡುಕರ ಜಾತಕಗಳನ್ನು ಮೊಬೈಲಿನಲ್ಲಿ ರಾತ್ರಿಯಿಡೀ ನೋಡಿ ಕಾಲೇಜಿಗೆ ತೂಕಡಿಸುತ್ತ ಬರುತ್ತಾರೆಂಬುದು ನನಗೆ ಗೊತ್ತಿದೆ. ಪಂಪನ ಕಾಲ ಹೇಳಲು ತಡವರಿಸುವ ವಿದ್ಯಾರ್ಥಿ ಟೆಡ್ ಬಂಡಿ ಯಾವ ವರ್ಷ ಸೆರೆಮನೆಯಿಂದ ಹಾರಿದ, ಎಷ್ಟು ಸಲ ಹಾರಿದ ಎಂಬುದನ್ನು ತಪ್ಪಿಲ್ಲದೆ ಹೇಳುತ್ತಾನೆ. "ಮೂವತ್ತು ಮಂದಿನ್ನ ಕೊಂದ್ರೂ ಲಗೂನ ಸಿಗಲಿಲ್ಲಂದ್ರ, ಅಂವಂದು ತಲಿ ಎಷ್ಟು ಓಡತಿರಬೇಕು ನೋಡ್ರಿ ಸರ್" ಎಂದು ಒಬ್ಬ ಹುಡುಗ ನನ್ನೆದುರು ಮೆಚ್ಚಿಗೆಯಿಂದ ಹೇಳಿದ. ಕೆಟ್ಟ ಹುಡುಗನಲ್ಲ, ಓದುವವನೇ. ಅವನ ಈ 'ತಲೆ ಓಡುವ' ಮಾತೇ ಈ ಎಲ್ಲ ಕಥೆಗಳ ಬೇರು. ಅದು ನಿಜವೋ ಸುಳ್ಳೋ ಎಂಬುದನ್ನು ಪರೀಕ್ಷಿಸೋಣ.

ಬಿರುದಿನ ವ್ಯಾಪಾರದಲ್ಲಿ ಅಮೇರಿಕೆ ಇಂದು ಜಗತ್ತಿಗೆ ಗುರು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗಳಿಗೆ ಒಬ್ಬ ಕೊಲೆಗಾರ ಕಾಗದ ಬರೆದು, ತನಗೆ ತಾನೇ 'ಜೋಡಿಯಾಕ್' ಎಂದು ನಾಮಕರಣ ಮಾಡಿಕೊಂಡ. ಪತ್ರಿಕೆಗಳು ಅಚ್ಚುಹಾಕಿದವು. 1977ರಲ್ಲಿ ನ್ಯೂಯಾರ್ಕಿನಲ್ಲಿ ಡೇವಿಡ್ ಬರ್ಕೊವಿಟ್ಸ್ ಎಂಬವನು ಒಬ್ಬ ಪ್ರಸಿದ್ಧ ಅಂಕಣಕಾರನಿಗೇ ಪತ್ರ ಬರೆದ. 'ಸನ್ ಆಫ್ ಸ್ಯಾಮ್' ಎಂಬ ಹೆಸರು ಊರೆಲ್ಲ ಮನೆಮಾತಾಯಿತು. ಅವನು ತನ್ನ ಕಥೆಯನ್ನು ಪ್ರಕಾಶಕರಿಗೆ ಮಾರಿ ಹಣ ಮಾಡಿಕೊಳ್ಳಬಹುದೆಂಬ ಹೆದರಿಕೆಯಿಂದ ಅಲ್ಲಿಯ ಸರಕಾರ ಅದೇ ವರ್ಷ ಒಂದು ಕಾಯದೆಯನ್ನೇ ಮಾಡಬೇಕಾಯಿತು. 1991ರಲ್ಲಿ ಅವರ ಸುಪ್ರೀಂ ಕೋರ್ಟು ಆ ಕಾಯದೆಯನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ತಳ್ಳಿಹಾಕಿತೆಂಬುದು ಬೇರೆ ಮಾತು. ಕಾಯದೆ ಬೇಕಾಯಿತಲ್ಲ, ಅದನ್ನು ಗಮನಿಸಿರಿ. ಕೊಲೆ ಒಂದು ಸರಕು, ಅದಕ್ಕೆ ಪೇಟೆಯುಂಟು ಎಂದು ಸರಕಾರವೇ ಒಪ್ಪಿದಂತಾಯಿತು. ಮೂವತ್ಮೂರು ಹುಡುಗರನ್ನು ಕೊಂದ ಜಾನ್ ವೇನ್ ಗೇಸಿ ಸೆರೆಮನೆಯಲ್ಲಿ ಕುಳಿತು ಬಿಡಿಸಿದ ಚಿತ್ರಗಳನ್ನು ಕೊಂಡು ಮನೆಯಲ್ಲಿ ತೂಗುಹಾಕಿದ ಜನರಿದ್ದಾರೆ.

ಇದು ಪಶ್ಚಿಮದ ರೋಗ, ನಮಗೆ ಅಂಟಿದ್ದು ಈಚೆಗೆ ಎಂದು ಬೀಗಲು ಅವಕಾಶವಿಲ್ಲ. ಕೊಲೆಗಾರನ ಬಾಯಿಂದಲೇ ಅವನ ಕಥೆ ಕೇಳಿ ರೋಮಾಂಚನಗೊಳ್ಳುವ ಈ ಚಟಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲ ದೊಡ್ಡ ರಸದೂಟ ಬಡಿಸಿದವನು ನಮ್ಮ ಸುರಪುರದ ಜನರಿಗೆ ಚಿರಪರಿಚಿತನಾದ ಮೆಡೋಸ್ ಟೇಲರ್. 1839ರಲ್ಲಿ, ಸುರಪುರಕ್ಕೆ ಬರುವ ಮೊದಲು, ಅವನು ಬರೆದ ಠಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯಲ್ಲಿ ಅಮೀರ ಅಲಿ ತಾನು 719 ಜನರನ್ನು ಕೊಂದೆನೆಂದು ಹೆಮ್ಮೆಯಿಂದ ಲೆಕ್ಕ ಒಪ್ಪಿಸುತ್ತಾನೆ. ನಡುವೆ ಸೆರೆಯಾಗದಿದ್ದರೆ ಸಾವಿರ ತುಂಬಿಸುತ್ತಿದ್ದೆನೆಂದು ಹಲುಬುತ್ತಾನೆ. ಇಂಗ್ಲೆಂಡು ಆ ಪುಸ್ತಕವನ್ನು ಮುಗಿಬಿದ್ದು ಓದಿತು. ನಮ್ಮ ದಾರಿಗಳಲ್ಲಿ ಕುತ್ತಿಗೆಗೆ ಕರವಸ್ತ್ರ ಬಿಗಿದು ಸತ್ತ ದಾರಿಹೋಕರು ಯಾರು, ಯಾವ ಊರಿನವರು, ಅವರಿಗಾಗಿ ಯಾರು ಕಾದರು ಎಂಬುದನ್ನು ಯಾವ ಓದುಗನೂ ಕೇಳಲಿಲ್ಲ. ನಮ್ಮ ಠಕ್ಕನ ಬಳಗದ ಮಾತು ಅವರ ನಿಘಂಟನ್ನು ಸೇರಿತು. ಸತ್ತವರ ಹೆಸರು ಎಲ್ಲಿಯೂ ಸೇರಲಿಲ್ಲ. ಇಂದಿನ ಪದ್ಧತಿಯೂ ಇದೇ. ಉಪಕರಣ ಮಾತ್ರ ಹೊಸತು.

ಈಗ ತಲೆಯ ಮಾತು. ಅಮೇರಿಕೆಯ ಜೆಫ್ರಿ ಡಾಮರ್ 1978ರಿಂದ 1991ರ ವರೆಗೆ ಹದಿನೇಳು ಜನರನ್ನು ಕೊಂದ. ಅವನ ಮೇಲೆ 2022ರಲ್ಲಿ ಬಂದ ಮಾಲಿಕೆಯನ್ನು ಜಗತ್ತೇ ನೋಡಿತು. ಅವನ ಬುದ್ಧಿವಂತಿಕೆ ಎಂಥದು ನೋಡಿರಿ: 1991ರ ಮೇ ತಿಂಗಳಲ್ಲಿ ಹದಿನಾಲ್ಕು ವರ್ಷದ ಒಬ್ಬ ಬಾಲಕ, ಲಾವೋಸ್ ದೇಶದಿಂದ ವಲಸೆ ಬಂದ ಕುಟುಂಬದವನು, ಅವನ ಮನೆಯಿಂದ ಬತ್ತಲೆಯಾಗಿ ಬೀದಿಗೆ ಓಡಿಬಂದ. ಕರಿಯ ಜನಾಂಗದ ಹುಡುಗಿಯರು ಪೋಲೀಸರನ್ನು ಕರೆದರು. ಪೋಲೀಸರು ಬಂದು, ಹುಡುಗಿಯರ ಮಾತನ್ನು ಬದಿಗೆ ಸರಿಸಿ, ಬಿಳಿಯ ಗೃಹಸ್ಥನ ಮಾತನ್ನು ನಂಬಿ, ಬಾಲಕನನ್ನು ಕೊಲೆಗಾರನ ಕೈಗೇ ಒಪ್ಪಿಸಿ ಹೋದರು. ನೆರೆಯ ಹೆಂಗಸೊಬ್ಬಳು ಮತ್ತೆ ಫೋನು ಮಾಡಿ ಕೇಳಿದರೂ ಕಿವಿಗೊಡಲಿಲ್ಲ. ಬಾಲಕ ಅಂದೇ ಸತ್ತ. ಆಮೇಲೆ ಇನ್ನೂ ನಾಲ್ವರು ಸತ್ತರು. ಇಲ್ಲಿ ಓಡಿದ್ದು ಯಾರ ತಲೆ? ಓಡದೆ ನಿಂತದ್ದು ಯಾರ ತಲೆ?

ಇನ್ನೊಬ್ಬ ಸ್ಯಾಮ್ಯುಅಲ್ ಲಿಟಲ್. 1970ರಿಂದ 2005ರ ವರೆಗೆ 93 ಕೊಲೆ ಮಾಡಿದೆನೆಂದು ಒಪ್ಪಿಕೊಂಡವನು. ಅಮೇರಿಕೆಯ ಇತಿಹಾಸದಲ್ಲಿ ಇಷ್ಟು ಕೊಲೆ ಮಾಡಿದವನು ಇನ್ನೊಬ್ಬನಿಲ್ಲವೆಂದು ಅಲ್ಲಿಯ ಕೇಂದ್ರ ತನಿಖಾ ಸಂಸ್ಥೆ 2019ರಲ್ಲಿ ಹೇಳಿತು. ಮೂವತ್ತೈದು ವರ್ಷ ಅವನು ಪೂರ್ತಿಯಾಗಿ ಸಿಗದಿದ್ದುದಕ್ಕೆ ಕಾರಣ ಸರಳವಾಗಿದೆ. ಅವನು ಕೊಂದವರಲ್ಲಿ ಬಹುಮಂದಿ ಬಡ ಕರಿಯ ಹೆಂಗಸರು. ಮೈಮಾರಿ ಬದುಕುವವರು, ಮಾದಕದ್ರವ್ಯದ ಚಟಕ್ಕೆ ಬಿದ್ದವರು. ಅವರಲ್ಲಿ ಎಷ್ಟೋ ಜನರ ಸಾವು ಅಪಘಾತವೆಂದೋ ಅತಿಯಾಗಿ ಅಮಲು ಸೇವಿಸಿದ್ದೆಂದೋ ದಾಖಲಾಯಿತು. ಕೆಲವರನ್ನು ಗುರುತಿಸಲು ಕೊನೆಗೆ ಕೊಲೆಗಾರನೇ ನೆನಪಿನಿಂದ ಬಿಡಿಸಿದ ಮುಖಚಿತ್ರಗಳನ್ನು ಸರಕಾರ ಪ್ರಕಟಿಸಬೇಕಾಯಿತು. ಒಂದು ಸಮಾಜಕ್ಕೆ ಇದಕ್ಕಿಂತ ದೊಡ್ಡ ನಾಚಿಕೆಗೇಡು ಏನಿದೆ? ಆ ಹೆಣ್ಣುಮಕ್ಕಳ ಮುಖವನ್ನು ನೆನಪಿಟ್ಟವನು ಅವರನ್ನು ಕೊಂದವನೊಬ್ಬನೇ!

ಇಲ್ಲಿಂದ ನಮ್ಮ ಮನೆಗೆ ಬರೋಣ. ಮೋಹನ್ ಕುಮಾರ್ ದಕ್ಷಿಣ ಕನ್ನಡ ಜಿಲ್ಲೆಯವನು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದವನು. 2009ರ ಅಕ್ಟೋಬರದಲ್ಲಿ ಅವನನ್ನು ಹಿಡಿದಾಗ, ಅದಕ್ಕೆ ಹಿಂದಿನ ಕೆಲವು ವರ್ಷಗಳಲ್ಲಿ 20 ಯುವತಿಯರನ್ನು ಕೊಂದನೆಂಬುದು ಹೊರಬಿತ್ತು. ಅವನ ರೀತಿಯನ್ನು ಪತ್ರಿಕೆಗಳು ಪುಟಗಟ್ಟಲೆ ವರ್ಣಿಸಿದವು: ಮದುವೆಯ ಮಾತಾಡಿ ಹುಡುಗಿಯನ್ನು ದೂರದ ಊರಿಗೆ ಕರೆದೊಯ್ಯುವುದು, ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ರಾತ್ರಿ ತಂಗುವುದು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಗರ್ಭ ನಿಲ್ಲದಿರಲೆಂದು ಹೇಳಿ ಗುಳಿಗೆ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗಿ ಬರಲು ಕಳಿಸುವುದು, ಆಮೇಲೆ ಕೋಣೆಗೆ ಮರಳಿ ಒಡವೆ ತೆಗೆದುಕೊಂಡು ಊರಿಗೆ ಹೊರಡುವುದು. ಗುಳಿಗೆ ಸಯನೈಡ್. ಬಾಗಿಲು ಒಳಗಿನಿಂದ ಅಗಳಿ ಹಾಕಿತ್ತು. ಹೆಣ ಸಿಕ್ಕ ಊರು ಮೈಸೂರು, ಬೆಂಗಳೂರು, ಮಡಿಕೇರಿ; ಹುಡುಗಿ ಕಾಣೆಯಾದ ಊರು ಕರಾವಳಿಯ ಯಾವುದೋ ಹಳ್ಳಿ.

ಇದನ್ನು ಓದಿ 'ಎಂಥ ಉಪಾಯ!' ಎಂದು ಬೆರಗಾದವರು ಬಹಳ. ನಾನು ಕೇಳುವುದು ಒಂದೇ ಪ್ರಶ್ನೆ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಹೆಣ್ಣುಮಕ್ಕಳು, ಸೀರೆಯುಟ್ಟು ಮದುವೆಗೆ ಹೊರಟಂತಿದ್ದವರು, ಮೈಮೇಲೆ ಒಡವೆಯಿಲ್ಲದೆ, ಬಸ್ ನಿಲ್ದಾಣದ ಶೌಚಾಲಯದಲ್ಲಿ, ಒಂದೇ ನಿಲ್ದಾಣದಲ್ಲಿ ಮೇಲಿಂದ ಮೇಲೆ ಸತ್ತು ಸಿಕ್ಕಾಗ ಯಾರ ಮನಸ್ಸಿನಲ್ಲಿ ಏನು ಮೂಡಬೇಕಿತ್ತು? ಮೂಡಲಿಲ್ಲ. ಅಸಹಜ ಸಾವು ಎಂದು ಬರೆದು, ಆತ್ಮಹತ್ಯೆಯಿರಬೇಕೆಂದು ತರ್ಕಿಸಿ, ವಾರಸುದಾರರಿಲ್ಲದ ಹೆಣವೆಂದು ಮಣ್ಣು ಮಾಡಿ, ಕಡತ ಕಟ್ಟಿಟ್ಟರು. ಅತ್ತ ಮನೆಯವರಲ್ಲಿ ಕೆಲವರು ಓಡಿಹೋದಳೆಂದು ನಾಚಿ ಬಾಯಿ ಮುಚ್ಚಿಕೊಂಡರು; ಎಲ್ಲೋ ಮದುವೆಯಾಗಿ ಸುಖವಾಗಿದ್ದಾಳೆಂದು ಕೆಲವರು ಸಮಾಧಾನ ಮಾಡಿಕೊಂಡರು. ಒಂದು ಜಿಲ್ಲೆಯ 'ಕಾಣೆಯಾದವರು' ಎಂಬ ಪಟ್ಟಿಯನ್ನೂ ಇನ್ನೊಂದು ಜಿಲ್ಲೆಯ 'ಗುರುತು ಸಿಗದ ಹೆಣ' ಎಂಬ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವನು ವರ್ಷಗಟ್ಟಲೆ ಯಾರೂ ಇರಲಿಲ್ಲ. ಈ ಎರಡು ಪಟ್ಟಿಗಳ ನಡುವಿನ ಬಯಲಿನಲ್ಲಿ ಮೋಹನ್ ಕುಮಾರ್ ಹಾಯಾಗಿ ನಡೆದಾಡಿದ. ಇದಕ್ಕೆ ತಲೆ ಓಡಬೇಕೆ?

ಅವನನ್ನು ಹಿಡಿದ ಬಗೆಯೂ ಪಾಠ ಹೇಳುವಂತಿದೆ. 2009ರ ಜೂನಿನಲ್ಲಿ ಬಂಟವಾಳ ತಾಲೂಕಿನ ಬರಿಮಾರಿನ ಒಬ್ಬ ಯುವತಿ ಕಾಣೆಯಾದಳು. ಅನ್ಯಧರ್ಮದವನೊಡನೆ ಓಡಿಹೋಗಿರಬೇಕೆಂಬ ಶಂಕೆ ಹುಟ್ಟಿತು. ಜನ ಸೇರಿದರು, ಪ್ರತಿಭಟನೆಯಾಯಿತು, ಪೋಲೀಸರ ಮೇಲೆ ಒತ್ತಡ ಬಿತ್ತು. ಆಗ ಫೋನಿನ ಕರೆಗಳ ಜಾಡು ಹಿಡಿದು ಹೊರಟರೆ, ಒಬ್ಬ ಕಾಣೆಯಾದ ಹುಡುಗಿಯಿಂದ ಇನ್ನೊಬ್ಬ ಕಾಣೆಯಾದ ಹುಡುಗಿಗೆ, ಅವಳಿಂದ ಮತ್ತೊಬ್ಬಳಿಗೆ ದಾರಿ ತೆರೆಯುತ್ತ ಹೋಯಿತು. ಕೊಲೆಗಾರ ಸಿಕ್ಕಿದ, ಒಳ್ಳೆಯದಾಯಿತು. ಆದರೆ ಹಿಂದಿನ ಹುಡುಗಿಯರು ಕಾಣೆಯಾದಾಗ ಆ ಜಾಡನ್ನು ಹಿಡಿಯಲು ಏನಡ್ಡಿಯಿತ್ತು? ಹುಡುಗಿಯ ಜೀವ ಹೋಗಿದ್ದೀತೆಂಬ ಭಯಕ್ಕೆ ಊರು ಏಳಲಿಲ್ಲ. ಮಾನ ಹೋಗಿದ್ದೀತೆಂಬ ಭಯಕ್ಕೆ ಎದ್ದಿತು. ಈ ಮಾತು ಕಹಿಯಾದರೂ ಆಡಲೇಬೇಕು.

ಸಯನೈಡಿನ ಮೇಲೆ ಅಷ್ಟೊಂದು ಬರೆದವರು ಅದಕ್ಕಿಂತ ಮೊದಲು ಹುಡುಗಿಯರ ಕಿವಿಗೆ ಬಿದ್ದ ವಿಷವನ್ನು ಕುರಿತು ಎಷ್ಟು ಬರೆದರು? ಅವರಲ್ಲಿ ಬೀಡಿ ಕಟ್ಟುವವರಿದ್ದರು, ಅಂಗನವಾಡಿಯಲ್ಲಿ ದುಡಿಯುವವರಿದ್ದರು, ವಸತಿನಿಲಯದಲ್ಲಿ ಅಡಿಗೆ ಮಾಡುವವರಿದ್ದರು. ಮದುವೆಯ ವಯಸ್ಸು ಮೀರುತ್ತಿದೆಯೆಂದು ಊರು ಆಡಿಕೊಳ್ಳುತ್ತಿದ್ದ ಬಡವರ ಮಕ್ಕಳು. ಮೋಹನ್ ಕುಮಾರ್ ಪ್ರತಿಯೊಬ್ಬಳಿಗೂ ಬೇರೆ ಬೇರೆ ಹೆಸರು ಹೇಳಿದ, ಅವಳ ಜಾತಿಯವನೇ ತಾನೆಂದ, ವರದಕ್ಷಿಣೆ ಬೇಡವೆಂದ. ಇಷ್ಟೇ ಅವನ ಮಂತ್ರ. ವರದಕ್ಷಿಣೆಯನ್ನು ನಿಷೇಧಿಸುವ ಕಾಯದೆ 1961ರಲ್ಲಿಯೇ ಬಂದಿದೆ. ಕಾಯದೆಯ ಮಾತನ್ನು ಸಮಾಜ ನಿಜವಾಗಿ ಪಾಲಿಸಿದ್ದರೆ 'ವರದಕ್ಷಿಣೆ ಬೇಡ' ಎಂಬ ಎರಡು ಶಬ್ದಗಳಿಗೆ ಇಪ್ಪತ್ತು ಹುಡುಗಿಯರನ್ನು ಮನೆಯಿಂದ ಹೊರಡಿಸುವ ಶಕ್ತಿ ಬರುತ್ತಿತ್ತೆ? ಬೀಗವನ್ನು ಅವನು ಒಡೆಯಲಿಲ್ಲ. ಕೀಲಿಕೈಯನ್ನು ನಾವೇ ಮಾಡಿ ಬೀದಿಯಲ್ಲಿ ಬಿಸುಟಿದ್ದೆವು, ಅವನು ಎತ್ತಿಕೊಂಡ.

ಕೆಂಪಮ್ಮನ ಕಥೆಯೂ ಇಷ್ಟೆ. ಬೆಂಗಳೂರಿನ ಸುತ್ತಣ ದೇವಸ್ಥಾನಗಳಲ್ಲಿ ಕುಳಿತು, ಮಕ್ಕಳಿಲ್ಲದವರು, ಕಾಯಿಲೆಯವರು, ಮನೆಯ ಚಿಂತೆಯಲ್ಲಿ ಬೆಂದವರು ಯಾರೆಂದು ನೋಡಿ, ಪೂಜೆ ಮಾಡಿಸುತ್ತೇನೆ, ಒಡವೆ ಹಾಕಿಕೊಂಡು ಬಾ ಎಂದು ಕರೆದು, ತೀರ್ಥಪ್ರಸಾದದಲ್ಲಿ ಸಯನೈಡ್ ಕೊಟ್ಟಳು. 2007ರಲ್ಲಿ ಸಿಕ್ಕಳು. ಮೊದಲು ಮರಣದಂಡನೆ, ಆಮೇಲೆ ಜೀವಾವಧಿ. ಒಬ್ಬಂಟಿ ಹೆಂಗಸಿನ ದುಃಖವನ್ನು ಕೂತು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ಕೇಳಿದವಳು ಕೊಲೆಗಾತಿ. ಪತ್ರಿಕೆಗಳಿಗೆ ಸ್ವಾರಸ್ಯವೆನಿಸಿದ್ದು ಮಾತ್ರ 'ಮಲ್ಲಿಕಾ' ಎಂಬ ಅವಳ ಕಳ್ಳಹೆಸರು!

ಇನ್ನು ಲಾರಿ ಚಾಲಕ ಜೈಶಂಕರ. ತಮಿಳುನಾಡಿನ ಪೋಲೀಸರ ಕೈತಪ್ಪಿಸಿಕೊಂಡು 2011ರಲ್ಲಿ ಕರ್ನಾಟಕಕ್ಕೆ ನುಗ್ಗಿದವನು. ಅವನು 2013ರಲ್ಲಿ ಪರಪ್ಪನ ಅಗ್ರಹಾರದ ಗೋಡೆ ಹಾರಿದ್ದನ್ನು ಹನುಮಂತನ ಸಮುದ್ರಲಂಘನದಂತೆ ವರ್ಣಿಸಿದರು. ಅವನ ಮೇಲೆ ಚಲನಚಿತ್ರವೂ ಬಂದಿತು. 2018ರಲ್ಲಿ ಸೆರೆಮನೆಯಲ್ಲೇ ಸತ್ತ. ಆದರೆ 2011ರ ಮೇ ತಿಂಗಳಲ್ಲಿ ಅವನನ್ನು ಹಿಡಿದವರು ಯಾರು? ನಮ್ಮ ವಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಹೊಲದಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು. ನೀರು ಕೇಳುವ ನೆಪದಲ್ಲಿ ಬಂದವನು ಮೇಲೆ ಬಿದ್ದಾಗ ಅವಳು ಕೂಗಿದಳು. ಗಂಡನೂ ನೆರೆಹೊಲದವರೂ ಓಡಿಬಂದು ಹಿಡಿದು ಕಟ್ಟಿದರು. ಎರಡು ರಾಜ್ಯಗಳ ಪೋಲೀಸರು ಹುಡುಕುತ್ತಿದ್ದವನನ್ನು ಒಂದು ಕೂಗು ಹಿಡಿಯಿತು. ಅದು ಹಿಡಿದದ್ದು ಏಕೆ? ಆ ಹೆಣ್ಣುಮಗಳ ಕೂಗಿಗೆ ಓಡಿಬರುವ ಜನ ಕಿವಿಯಳತೆಯಲ್ಲಿ ಇದ್ದರು ಎಂಬುದಕ್ಕಾಗಿ. ಬಸ್ ನಿಲ್ದಾಣದಲ್ಲಿ ಸತ್ತ ಹುಡುಗಿಯರಿಗೂ ಇವಳಿಗೂ ಇರುವ ಭೇದ ಇಷ್ಟೆ. ಇವಳ ಮೇಲೆ ಚಲನಚಿತ್ರ ಯಾರೂ ತೆಗೆಯಲಿಲ್ಲ.

ಚಲನಚಿತ್ರದ ಮಾತು ಬಂತು. 2012ರಲ್ಲಿ ಕನ್ನಡದಲ್ಲಿ ಎರಡು ಚಿತ್ರಗಳು ಬಂದವು. ಒಂದು 'ದಂಡುಪಾಳ್ಯ', ಇನ್ನೊಂದು 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ಮೊದಲನೆಯದು ಒಂದು ಕೊಲೆಗಡುಕ ತಂಡದ ಕಥೆ. ಅದು ಗೆದ್ದು ಮುಂದೆ ಮರಿಗಳನ್ನೂ ಹಾಕಿತು. ದಂಡುಪಾಳ್ಯವೆಂಬುದು ಹೊಸಕೋಟೆ ತಾಲೂಕಿನ ಒಂದು ಊರು. ಅಲ್ಲಿ ಹೊಲ ಉಳುವವರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಮದುವೆಗೆ ಬಂದ ಹುಡುಗಿಯರಿದ್ದಾರೆ. ಅವರೆಲ್ಲರೂ ತಮ್ಮ ಊರಿನ ಹೆಸರು ಹೇಳಿದಾಗ ಎದುರಿಗಿದ್ದವನ ಮುಖದಲ್ಲಿ ಏನು ಕಾಣಬೇಕು? ಬೆರಳೆಣಿಕೆಯ ಕೊಲೆಗಡುಕರ ಬಿರುದಿಗಾಗಿ ಇಡೀ ಊರನ್ನು ಬಲಿಗೊಟ್ಟೆವು.

ನಾನು ಸಂಗೊಳ್ಳಿಯವನು. ಊರಿನ ಹೆಸರೆಂದರೆ ಏನೆಂಬುದು ನಮಗೆ ಸ್ವಲ್ಪ ಹೆಚ್ಚಾಗಿ ಗೊತ್ತು. ಮಲಪ್ರಭೆಯ ದಂಡೆಯ ಈ ಹಳ್ಳಿಯ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಂಪನಿ ಸರಕಾರದ ಲೆಕ್ಕದಲ್ಲಿ ಅವನೊಬ್ಬ ಬಂಡುಕೋರ, ಕಚೇರಿ ಸುಟ್ಟವನು, ಖಜಾನೆ ದೋಚಿದವನು. ಸರಕಾರ ಕೊಟ್ಟ ಆ ಹೆಸರನ್ನು ನಮ್ಮ ಹಿರಿಯರು ಒಪ್ಪಲಿಲ್ಲ. ಲಾವಣಿಕಾರರು, ಗೀಗೀ ಮೇಳದವರು ಡಪ್ಪು ಬಾರಿಸಿ ಊರೂರಿನಲ್ಲಿ ಹಾಡಿ, ಅವನ ಊರನ್ನು ಅವನ ಹೆಸರಿಗೆ ಸೇರಿಸಿ, ಎರಡನ್ನೂ ಎತ್ತಿಹಿಡಿದರು. ನಂದಗಡದ ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಅಕ್ಷರವಿಲ್ಲದ ಆ ಜನಕ್ಕೆ ಯಾರ ಹೆಸರನ್ನು ಉಳಿಸಬೇಕು, ಯಾರ ಹೆಸರನ್ನು ಅಳಿಸಬೇಕು ಎಂಬ ವಿವೇಕವಿತ್ತು. ಗಲ್ಲಿಗೇರಿದವರೆಲ್ಲರನ್ನೂ ಅವರು ಹಾಡಲಿಲ್ಲ. ಹೆಸರು ಉಳಿಯುವುದು ಹಾಡುವವರ ಕೈಯಲ್ಲಿದೆ; ಆದ್ದರಿಂದ ಹಾಡುವವರಿಗೆ ಹೊಣೆಯಿದೆ. ಅಕ್ಷರ ಕಲಿತ ನಾವು ಆ ಹೊಣೆಯನ್ನು ಮಾರಾಟದ ಲೆಕ್ಕಕ್ಕೆ ಒಪ್ಪಿಸಿ ಕುಳಿತಿದ್ದೇವೆ.

ಎದುರುವಾದಗಳನ್ನು ನಾನು ಬಲ್ಲೆ. ಮೊದಲನೆಯದು: ಇಂಥ ಕಥೆಗಳಿಂದ ಜನಕ್ಕೆ ಎಚ್ಚರ ಮೂಡುತ್ತದೆ. ಮೂಡಬೇಕಾದರೆ ಕಥೆಯಲ್ಲಿ ಎಚ್ಚರದ ಭಾಗವಿರಬೇಕಷ್ಟೆ? ಗುಳಿಗೆಯ ವರ್ಣನೆ ನಾಲ್ಕು ಕಾಲಮ್ಮು, ದೂರು ಕೊಡಲು ಬಂದ ತಾಯಿಗೆ ಠಾಣೆಯಲ್ಲಿ ಸಿಕ್ಕ ಉತ್ತರ ನಾಲ್ಕು ಸಾಲು ಎಂದಾದರೆ, ಎಚ್ಚರಗೊಳ್ಳುವವನು ಮುಂದಿನ ಕೊಲೆಗಾರನೇ ಹೊರತು ಮುಂದಿನ ಹುಡುಗಿಯಲ್ಲ.

ಎರಡನೆಯದು: ಮನುಷ್ಯನ ಮನಸ್ಸಿನ ಆಳವನ್ನು ತಿಳಿಯಬೇಕು. ತಿಳಿಯಲಿ, ಬೇಡವೆನ್ನುವವರಾರು? ಕೊಲೆಯನ್ನು ಕುರಿತು ಬರೆಯಬಾರದೆಂದು ಕನ್ನಡ ಕಲಿಸುವ ನಾನು ಹೇಗೆ ಹೇಳಲಿ? 1209ರ ಜನ್ನನ 'ಯಶೋಧರ ಚರಿತೆ'ಯಲ್ಲಿ ಹೆಂಡತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಲ್ಲುತ್ತಾಳೆ. ಅಷ್ಟೇ ಏಕೆ, ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೇ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತ ನವೆಯುತ್ತಾರೆ. ಜೀವವಿಲ್ಲದ ಕೋಳಿಯನ್ನು ಕೊಂದ ಸಂಕಲ್ಪಕ್ಕೂ ಬೆಲೆ ತೆರಬೇಕೆಂಬುದು ಆ ಕವಿಯ ದೃಷ್ಟಿ. ಕೊಲೆ ಮಾಡಿದವನ ಕೈಚಳಕಕ್ಕಿಂತ ಒಂದು ಕೊಲೆಯ ಭಾರ ಎಷ್ಟೆಂಬುದನ್ನು ಅವನು ತೂಗಿದ. ನಮ್ಮ ಇಂದಿನ ಕೊಲೆಯ ಮಾಲಿಕೆಗಳಲ್ಲಿ ಜೀವವಿದ್ದ ಹುಡುಗಿಯರು ಸಾಯುತ್ತಾರೆ. ಅವರಿಗೆ ಹಿಟ್ಟಿನ ಕೋಳಿಗಿದ್ದ ತೂಕವೂ ಇಲ್ಲ. ನ್ಯಾಯವಾಗಿ ಒಂದು ಅಪವಾದ ಹೇಳಬೇಕು. ಮೋಹನ್ ಕುಮಾರನ ಪ್ರಕರಣದ ನೆರಳಿನಲ್ಲಿ 2023ರಲ್ಲಿ ಹಿಂದಿಯಲ್ಲಿ ಬಂದ 'ದಹಾಡ್' ಎಂಬ ಮಾಲಿಕೆ, ಕಾಣೆಯಾದ ಬಡ, ಕೆಳಜಾತಿಯ ಹುಡುಗಿಯರನ್ನು ಯಾರೂ ಏಕೆ ಹುಡುಕಲಿಲ್ಲವೆಂಬ ಪ್ರಶ್ನೆಯನ್ನು ಎತ್ತಿಕೊಂಡಿತು. ಹಾಗೆ ಮಾಡಿಯೂ ಜನ ನೋಡಿದರು. ಅಂದಮೇಲೆ 'ಜನಕ್ಕೆ ಬೇಕಾದದ್ದನ್ನೇ ಕೊಡುತ್ತೇವೆ' ಎಂಬ ಮೂರನೆಯ ವಾದಕ್ಕೆ ಬೇರೆ ಉತ್ತರ ಬೇಕಿಲ್ಲ. ಡಾಮರ್‌ನ ಮಾಲಿಕೆ ತೆಗೆದವರು ತಮ್ಮನ್ನೊಂದು ಮಾತು ಕೇಳಲಿಲ್ಲವೆಂದು ಸತ್ತವನೊಬ್ಬನ ಅಕ್ಕ ನೊಂದು ಬರೆದಳು. ಅವಳೂ ಆ 'ಜನ'ದಲ್ಲಿ ಒಬ್ಬಳಲ್ಲವೆ?

ನಾಲ್ಕನೆಯ ಗುಂಪೊಂದಿದೆ: ಇಂಥವರನ್ನು ಗಲ್ಲಿಗೇರಿಸಿ ಮುಗಿಸಿರಿ, ಮಾತೇಕೆ ಎನ್ನುವವರು. ನಮ್ಮ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ವರ್ಷಗಟ್ಟಲೆ ಒಂಟಿಕೋಣೆಯಲ್ಲಿದ್ದ ಉಮೇಶ್ ರೆಡ್ಡಿಯ ಮರಣದಂಡನೆಯನ್ನು 2022ರಲ್ಲಿ ಸುಪ್ರೀಂ ಕೋರ್ಟು ಕನಿಷ್ಠ ಮೂವತ್ತು ವರ್ಷದ ಸೆರೆವಾಸಕ್ಕೆ ಇಳಿಸಿತು. ಮೋಹನ್ ಕುಮಾರನಿಗೆ 2013ರಲ್ಲಿ ಮಂಗಳೂರಿನ ನ್ಯಾಯಾಲಯ ಕೊಟ್ಟ ಮರಣದಂಡನೆಗಳಲ್ಲಿ ಒಂದನ್ನು ಹೈಕೋರ್ಟು 2017ರಲ್ಲಿ ಸಾಯುವವರೆಗಿನ ಸೆರೆಗೆ ಇಳಿಸಿತು. ಅವನ ಇಪ್ಪತ್ತನೆಯ ಮೊಕದ್ದಮೆಯ ತೀರ್ಪು ಬಂದದ್ದು 2020ರಲ್ಲಿ. ಗಲ್ಲೋ ಸೆರೆಯೋ, ಅದು ನ್ಯಾಯಾಧೀಶರ ವಿಷಯ. ಅವನು ತನ್ನ ಮೊಕದ್ದಮೆಗಳನ್ನು ತಾನೇ ವಾದಿಸಿದನೆಂದು ಕೂಡ ಬೆರಗಿನಿಂದ ಬರೆದರು. ಬಂಡಿಯೂ ತನ್ನ ವಕೀಲಿಯನ್ನು ತಾನೇ ಮಾಡಿದ್ದ. 1979ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದ ನ್ಯಾಯಾಧೀಶನೇ ಒಳ್ಳೆಯ ವಕೀಲನಾಗಬಹುದಿತ್ತೆಂದು ಮರುಗಿದ. 1989ರ ಜನವರಿ 24ರಂದು ಅವನನ್ನು ಕೊಂದಾಗ ಸೆರೆಮನೆಯ ಹೊರಗೆ ಜನ ಜಾತ್ರೆಯಂತೆ ಸೇರಿ ಕುಣಿದರು, ಅಂಗಿ ಮಾರಿದರು. ಅವನು ಸತ್ತು ಮುಗಿದನೆ? ಈಗಲೂ ನಮ್ಮ ಹುಡುಗರ ಮೊಬೈಲಿನಲ್ಲಿ ಬದುಕಿದ್ದಾನೆ. ಬಿರುದು ಕೊಟ್ಟು ಗಲ್ಲಿಗೇರಿಸಿದರೆ ಸಾಯುವುದು ದೇಹವೊಂದೇ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆಗಳು ದೊಡ್ಡವಲ್ಲ. ಪತ್ರಿಕೆಗಳು ಕೊಲೆಗಾರನನ್ನು ಅವನ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯಲಿ. ಸಯನೈಡು, ಸೈಕೋ ಮೊದಲಾದ ಪೂರ್ವಪದಗಳನ್ನು ಕೈಬಿಡಲಿ. ಯಾವ ಊರಿನ ಹೆಸರನ್ನೂ ಯಾವ ತಂಡಕ್ಕೂ ಅಂಟಿಸದಿರಲಿ. ಹೆಂಗಸೊಬ್ಬಳು ಕೊಲೆಯಾದ ಸುದ್ದಿಯಲ್ಲಿ ಮೂರು ಸಂಗತಿಗಳಿಗೆ ತಪ್ಪದೆ ಜಾಗ ಕೊಡಲಿ: ಅವಳು ಕಾಣೆಯಾದದ್ದು ಎಂದು, ಮನೆಯವರು ದೂರು ಕೊಟ್ಟದ್ದು ಎಂದು, ಪೋಲೀಸರು ಹುಡುಕಲು ಹೊರಟದ್ದು ಎಂದು. ಈ ಮೂರು ತಾರೀಖುಗಳ ನಡುವಿನ ಅಂತರ ಯಾವ ಕೊಲೆಗಾರನ ಮನಸ್ಸಿಗಿಂತಲೂ ಆಳವಾದದ್ದು; ಅಲ್ಲಿ ಇಳಿದು ನೋಡುವ ಧೈರ್ಯವಿರುವ ವರದಿಗಾರನನ್ನು ನಾನು ಮೆಚ್ಚುತ್ತೇನೆ.

ಇನ್ನು ಸರಕಾರಕ್ಕೆ. ಮಗು ಕಾಣೆಯಾದರೆ ಅಪಹರಣವೆಂದೇ ಎಣಿಸಿ ಮೊಕದ್ದಮೆ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಹದಿನೆಂಟು ತುಂಬಿದ ಹುಡುಗಿಗೆ ಆ ಎಣಿಕೆಯ ಆಸರೆಯಿಲ್ಲ. ಹದಿನೇಳು ವರ್ಷ ಹನ್ನೊಂದು ತಿಂಗಳಿದ್ದಾಗ ಕಾಣೆಯಾದರೆ ಕಾನೂನು ಎದ್ದು ನಿಲ್ಲುತ್ತದೆ. ಒಂದೆರಡು ತಿಂಗಳು ಕಳೆದು ಕಾಣೆಯಾದರೆ 'ಯಾರ ಕೂಡ ಹೋಗಿದ್ದಾಳೋ ನೋಡ್ರಿ, ನಾಕು ದಿನ ತಡೀರಿ' ಎಂಬ ಉತ್ತರ ಸಿಗಬಹುದು. ವಯಸ್ಕಳು ತನ್ನಿಚ್ಛೆಯಿಂದ ಹೊರಟುಹೋಗುವ ಹಕ್ಕುಳ್ಳವಳು, ನಿಜ. ಅವಳು ಬದುಕಿದ್ದಾಳೆಯೆ ಎಂದು ತಿಳಿದುಕೊಳ್ಳುವುದರಿಂದ ಆ ಹಕ್ಕಿಗೆ ಯಾವ ಭಂಗವೂ ಇಲ್ಲ. ಕಾಣೆಯಾದ ಪ್ರತಿಯೊಬ್ಬಳ ಹೆಸರನ್ನೂ ನಾಡಿನ ಎಲ್ಲ ಜಿಲ್ಲೆಗಳ ಗುರುತು ಸಿಗದ ಹೆಣಗಳ ಪಟ್ಟಿಯೊಡನೆ ತಾಳೆ ನೋಡುವುದನ್ನು ಠಾಣಾಧಿಕಾರಿಯ ಕಡ್ಡಾಯದ ಕೆಲಸ ಮಾಡಿರಿ. ಮಾಡದವನನ್ನು ಹೆಸರು ಹಿಡಿದು ಕೇಳಿರಿ. ಗಣಕಯಂತ್ರದ ಈ ಕಾಲದಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಡುವುದು ಮಹಾ ಸಾಹಸವಲ್ಲ.

ಓದುಗರಾದ ನಮಗೂ ಕೆಲಸವಿದೆ. ನೆರೆಮನೆಯ ಹುಡುಗಿ ನಾಲ್ಕು ದಿನ ಕಾಣಿಸದಿದ್ದರೆ ನಾವು ಮೊದಲು ಕೇಳುವುದು ಯಾರೊಡನೆ ಹೋದಳೆಂದು. ಆ ಪ್ರಶ್ನೆಯನ್ನು ಬಿಟ್ಟು, ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಕೇಳುವುದನ್ನು ಕಲಿತರೆ, ಈ ನಾಡಿನ ಯಾವ ಕೊಲೆಗಾರನಿಗೂ ಇಪ್ಪತ್ತರ ಲೆಕ್ಕ ತುಂಬುವುದಿಲ್ಲ, ಎರಡಕ್ಕೇ ಸಿಕ್ಕಿಬೀಳುತ್ತಾನೆ. ಆಗ ಅವನಿಗೆ ಬಿರುದು ಕೊಡುವ ಪ್ರಮೇಯವೇ ಬರದು.